ಕತ್ತರಿ, ಲೋಟ, ಗುಡಿಯ ಹೊಸ್ತಿಲು

2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆಂದು ಹೋದ ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಬಲಿಯಾದ. ದಲಿತರಿಗೆ ಕ್ಷೌರ ಮಾಡುವುದಿಲ್ಲವೆಂಬ ಮಾತೇ ಜಗಳಕ್ಕೆ ಮೂಲವೆಂದು ದೂರು. ಕೊಲೆಯ ಹೊಣೆಯನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ತಲೆಗೂದಲು ಕತ್ತರಿಸಲು ಜಾತಿ ಕೇಳುವ ರೂಢಿ ಆ ಅಂಗಡಿಯೊಳಗೆ ಒಂದೇ ದಿನದಲ್ಲಿ ಹುಟ್ಟುವಂಥದ್ದಲ್ಲ. ಅವರಿಗೆ ಹಚ್ಚಿದ ಕತ್ತರಿಯನ್ನು ನಮಗೆ ಹಚ್ಚಬೇಡ ಎನ್ನುವ ಗಿರಾಕಿಗಳಿರುವ ಊರಿನಲ್ಲಿ ಕ್ಷೌರಿಕನಿಗೆ ದಲಿತನ ಮೇಲೆ ದ್ವೇಷವೇ ಇರಬೇಕೆಂದಿಲ್ಲ. ಉಳಿದವರು ಬರುವುದನ್ನು ಬಿಟ್ಟಾರೆಂಬ ಅಂಜಿಕೆಯೇ ಸಾಕು. ಜಾತಿಯ ಏಣಿಯಲ್ಲಿ ತಾನೂ ಕೆಳಗೇ ನಿಂತವನು ಹೀಗೆ ತನಗಿಂತ ಕೆಳಗಿನವನಿಗೆ ಬಾಗಿಲು ಹಾಕುತ್ತಾನೆ. ಕ್ಷೌರಿಕ ಕುಲದ ಶರಣ ಹಡಪದ ಅಪ್ಪಣ್ಣನನ್ನು ಬಸವಣ್ಣ ಅತ್ಯಂತ ಆಪ್ತನಾಗಿ ಕಂಡ ನಾಡಿದು ಎಂಬುದನ್ನು ನೆನೆದರೆ ಕರುಳು ಕಿವುಚುತ್ತದೆ.

ಪೂರ್ವಗ್ರಹವೆಂದರೆ ಯಾರೋ ಒಬ್ಬನ ತಲೆಯೊಳಗಿನ ವಿಷವೆಂದು ತಿಳಿದರೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ ಅರ್ಥವಾಗುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಚನ್ನದಾಸರ ಎಂಬ ದಲಿತ ಸಮುದಾಯದ ಪುಟ್ಟ ಮಗುವೊಂದು ಹನುಮಂತನ ಗುಡಿಯೊಳಗೆ ಓಡಿತು. ಗುಡಿ ಮೈಲಿಗೆಯಾಯಿತೆಂದು ಹಿರಿಯರು ಸಭೆ ಸೇರಿ, ಶುದ್ಧಿಗಾಗಿ ಆ ಕುಟುಂಬ 25,000 ರೂಪಾಯಿ ಕೊಡಬೇಕೆಂದರು. ಹೊಸ್ತಿಲು ದಾಟಬಾರದೆಂಬುದು ಆ ಕೂಸಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದೊಡ್ಡವರಿಗೆ, ಅದೂ ಹಣದ ಲೆಕ್ಕದ ಸಮೇತ. ಒಬ್ಬೊಬ್ಬರನ್ನೇ ಕೇಳಿದರೆ 'ನಮಗೇನೂ ಇಲ್ಲರೀ, ಊರಾಗಿನ ಪದ್ಧತಿ' ಎನ್ನಬಹುದು. ಎಲ್ಲರೂ ಹೀಗೆ ಊರಿನ ಮೇಲೆ ಹಾಕುವುದರಿಂದಲೇ ಪದ್ಧತಿ ಉಳಿಯುತ್ತದೆ. ಪ್ರಕರಣ ಹೊರಬಂದ ಮೇಲೆ ಐವರ ಬಂಧನವಾಯಿತು.

ಈ ಕಟ್ಟುಪಾಡನ್ನು ಪ್ರಶ್ನಿಸಿದಾಗ ಏನಾಗುತ್ತದೆ ಎಂಬುದಕ್ಕೆ ಗಂಗಾವತಿ ತಾಲ್ಲೂಕಿನ ಮರಕುಂಬಿ ಸಾಕ್ಷಿ. ಕ್ಷೌರದಂಗಡಿಗೆ, ಹೋಟೆಲಿಗೆ ಪ್ರವೇಶವಿಲ್ಲವೆಂಬ ತಕರಾರು ಅಲ್ಲಿ ಕುದಿಯುತ್ತಿತ್ತು. 2014ರ ಆಗಸ್ಟ್ 28ರಂದು ಗಂಗಾವತಿಯ ಚಿತ್ರಮಂದಿರದಲ್ಲಿ ನಡೆದ ಹೊಡೆದಾಟ ನೆಪವಾಗಿ ದಲಿತರ ಕೇರಿಯ ಮೇಲೆ ದಾಳಿಯಾಯಿತು, ಗುಡಿಸಲುಗಳು ಉರಿದವು. ಕೊಪ್ಪಳದ ಜಿಲ್ಲಾ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಒಂದು ಕೇರಿಯನ್ನು ಸುಡಲು ಸಂಜೆಯೊಂದು ಸಾಕಾಗಿತ್ತು. ತೀರ್ಪಿಗೆ ಹತ್ತು ವರ್ಷ ಬೇಕಾಯಿತು. ಬಹುತೇಕರಿಗೆ ಮರುತಿಂಗಳೇ ಹೈಕೋರ್ಟ್ ಜಾಮೀನು ಸಿಕ್ಕಿತು.

ಇವೆಲ್ಲ ಬಿಡಿ ಜಗಳಗಳು, ಜಾತಿ ಬಣ್ಣ ಬಳಿಯಬೇಡಿ ಎನ್ನುವವರಿದ್ದಾರೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಾಂತರ ಜನ ಜಾತಿ ಕೇಳದೆ ಉಣ್ಣುವುದನ್ನೂ ತೋರಿಸುತ್ತಾರೆ. ದಾಸೋಹದ ಮಾತು ನಿಜ, ಅದು ಈ ಜಿಲ್ಲೆಯ ದೊಡ್ಡತನವೂ ಹೌದು. ಆದರೆ ಜಾತ್ರೆಯಲ್ಲಿ ಒಟ್ಟಿಗೆ ಉಂಡವರು ಊರಿಗೆ ಮರಳಿ ಬೇರೆ ಲೋಟ ಹಿಡಿದರೆ, ರೂಢಿ ಬೇರು ಬಿಟ್ಟಿರುವುದು ದಿನನಿತ್ಯದ ವ್ಯವಹಾರದಲ್ಲಿ ಎಂದಾಯಿತು. ಬಿಡಿ ಜಗಳವಾಗಿದ್ದರೆ ಮೂರು ತಾಲ್ಲೂಕುಗಳಲ್ಲಿ ಮತ್ತೆಮತ್ತೆ ಅದೇ ಅಂಗಡಿ, ಅದೇ ಗುಡಿ ಯಾಕೆ ಬರಬೇಕು? ಮನಸ್ಸು ಬದಲಾಗದೆ ಕಾನೂನಿನಿಂದ ಏನಾದೀತು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆದರೆ ಅಂಜಿಕೆಯಿಂದ ಬಾಗಿಲು ಹಾಕಿದವನಿಗೆ ಕಾನೂನು ನೆಪವೂ ಆಗಬಲ್ಲದು: 'ನಾ ಏನ್ ಮಾಡ್ಲಿರೀ, ಇಲ್ಲಾಂದ್ರ ಕೇಸ್ ಆಕ್ಕೈತಿ' ಎಂದು ಆತ ಗಿರಾಕಿಗಳಿಗೆ ಹೇಳಬಹುದು. ಜಾತಿಯ ಕಾರಣಕ್ಕೆ ಸೇವೆ ನಿರಾಕರಿಸುವುದನ್ನು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೇ ಅಪರಾಧವೆಂದಿದೆ. ಅದನ್ನು ರಕ್ತ ಹರಿದ ಮೇಲೆ ಕಡತದಿಂದ ತೆಗೆಯುವ ಬದಲು, ತಹಶೀಲ್ದಾರರೂ ಪೊಲೀಸರೂ ಪ್ರತಿ ಊರಿನ ಕ್ಷೌರದಂಗಡಿಗೆ, ಚಹಾದಂಗಡಿಗೆ ಹೋಗಿ ಯಾರನ್ನು ಕೂರಿಸುತ್ತಾರೆ, ಯಾರಿಗೆ ಯಾವ ಲೋಟ ಕೊಡುತ್ತಾರೆ ಎಂದು ಜಗಳಕ್ಕೆ ಮೊದಲೇ ನೋಡಬೇಕು.