ಚೆನ್ನೆಮಣೆಯ ಎದುರು ಕೂರಬಾರದ ಅಕ್ಕತಂಗಿ

ಆಟಿ ತಿಂಗಳ ಜಡಿಮಳೆ ಹಿಡಿದಾಗ ತುಳುವರ ಹಳೆಯ ಮನೆಗಳಲ್ಲಿ ಚೆನ್ನೆಮಣೆ ಅಟ್ಟದಿಂದ ಕೆಳಗಿಳಿಯುತ್ತಿತ್ತು. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4ರಂತೆ 56 ಕಾಯಿ. ಇಬ್ಬರ ಆಟ. ಆದರೆ ಅಕ್ಕತಂಗಿ ಎದುರುಬದುರು ಕೂತು ಆಡಕೂಡದು ಎಂಬ ಕಟ್ಟುಪಾಡು ಮಂಗಳೂರಿನ ಜೆಪ್ಪುವಿನಂಥ ಪೇಟೆಯಂಚಿನ ಊರುಗಳಿಗೂ ಹೊಸದಲ್ಲ. ಅದರ ಹಿಂದೆ ಇರುವುದು ತುಳುವಿನ ಹಾಡುಗತೆಯಾದ ಸಿರಿ ಪಾಡ್ದನದ ಕೊನೆಯ ಭಾಗ.

ಸತ್ಯನಾಪುರದ ಸಿರಿ, ತನಗೆ ದ್ರೋಹ ಬಗೆದ ಗಂಡನನ್ನು ತಾನೇ ಬಿಟ್ಟು ಹೊರಟವಳು. ಎರಡನೆಯ ಮದುವೆಯಾಗಿ ಕಾಲಿಟ್ಟ ಮನೆಯಲ್ಲಿ ಮೊದಲ ಹೆಂಡತಿ ಸಾಮು ಇದ್ದಳು. ಸವತಿಯರು ಮೊದಲು ಮುನಿದರೂ ಕೊನೆಗೆ ಒಡಹುಟ್ಟಿದವರಂತಾಗುತ್ತಾರೆ. ಪಾಡ್ದನ ಅಲ್ಲಿಗೆ ನಿಲ್ಲುವುದಿಲ್ಲ. ಸಿರಿಯ ಮಗಳು ಸೊನ್ನೆ, ಗಿಂಡೆ ಎಂಬ ಹುಡುಗಿಯ ಜೊತೆ ಒಂದೇ ಸೂರಿನಡಿ ಬೆಳೆಯುತ್ತಾಳೆ. ಮದುವೆಯಾದರೂ ಮಕ್ಕಳಾಗದ ಸೊನ್ನೆಯ ಕಿವಿಗೆ ಒಂದು ದಿನ ಬಂಜೆ ಎಂಬ ಮಾತು ಬೀಳುತ್ತದೆ, ಅದೂ ಗಿಂಡೆಯ ಮನೆಯ ಶುಭಕಾರ್ಯದಲ್ಲಿ. ದೈವ ಬೆರ್ಮೆರಿಗೆ ಹರಕೆ ಹೊತ್ತ ಮೇಲೆ ಅಬ್ಬಗ ದಾರಗ ಎಂಬ ಅವಳಿಗಳು ಹುಟ್ಟುತ್ತಾರೆ. ಹರಕೆ ಮಾತ್ರ ತೀರುವುದಿಲ್ಲ. ಬ್ರಾಹ್ಮಣನ ವೇಷದಲ್ಲಿ ಬಂದು ಬೆರ್ಮೆರೇ ನೆನಪಿಸಿದರೂ ಹೆತ್ತವರು ಒಪ್ಪಿಕೊಳ್ಳುವುದಿಲ್ಲ.

ಹಿರಿಯರಿಲ್ಲದ ಹೊತ್ತಲ್ಲಿ ಹುಡುಗಿಯರು ಮಣೆ ಹಾಕುತ್ತಾರೆ. ಸೋಲುತ್ತ ಬಂದ ಅಬ್ಬಗ ಅದೇ ಮಣೆಯಿಂದ ದಾರಗಳಿಗೆ ಹೊಡೆಯುತ್ತಾಳೆ. ತಂಗಿ ಸಾಯುತ್ತಾಳೆ, ಅಕ್ಕ ಬಾವಿಗೆ ಹಾರುತ್ತಾಳೆ. ಹಾಡುವವರ ಬಾಯಲ್ಲಿ ವಿವರ ಅಷ್ಟಿಷ್ಟು ಬದಲಾಗುತ್ತದೆ.

ಹೆಣ್ಣಿಗೆ ಹೆಣ್ಣೇ ಶತ್ರು ಎಂದು ಇದನ್ನು ಓದುವವರ ಮೇಲೆ ನನಗೆ ಸಿಟ್ಟಿದೆ. ತೀರಿಸದ ಹರಕೆಯ ಗುಟ್ಟು ಇದ್ದದ್ದು ಹಿರಿಯರಲ್ಲಿ. ಪೈಪೋಟಿ ಎಂದು ನಾವು ಕರೆಯುವುದು ಆ ಮುಚ್ಚಿಟ್ಟ ಸಾಲದ ಬಡ್ಡಿ, ಅದನ್ನು ಕಟ್ಟಿದವರು ಮಕ್ಕಳು. ಈ ಕತೆಯನ್ನು ನೇಜಿ ನೆಡುತ್ತ ಬಾಯಿಂದ ಬಾಯಿಗೆ ದಾಟಿಸಿದ ಹೆಂಗಸರಿಗೆ ಇದು ಗೊತ್ತಿತ್ತು ಎಂದೇ ನನ್ನ ನಂಬಿಕೆ. ನಂದಳಿಕೆ, ಕವತ್ತಾರುಗಳ ಸಿರಿ ಜಾತ್ರೆಯಲ್ಲಿ ಹುಣ್ಣಿಮೆಯ ರಾತ್ರಿ ದರ್ಶನ ಬಂದ ಹೆಂಗಸರು ಸಿರಿಯಾಗಿ, ಸೊನ್ನೆಯಾಗಿ, ಅಬ್ಬಗ ದಾರಗರಾಗಿ ಬಾಯಿಬಿಡುತ್ತಾರೆ. ಮನೆಯೊಳಗೆ ವರ್ಷಗಟ್ಟಲೆ ನುಂಗಿದ್ದು ಸಿರಿಯ ಮಗ ಕುಮಾರನಾಗಿ ನಿಂತ ಪಾತ್ರಿಯ ಮುಂದೆ ಹೊರಬರುತ್ತದೆ.

ಬಾಯಲ್ಲಿದ್ದ ಈ ಹಾಡುಗಳು ಪುಸ್ತಕಕ್ಕೆ ಬಂದದ್ದು ತಡವಾಗಿ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿಸಿದರು. ಸಿರಿಯ ಕತೆ ಇಷ್ಟು ದೀರ್ಘವಾಗಿ ದಾಖಲಾಗಲು ಇನ್ನೂ ನೂರು ವರ್ಷ ಹಿಡಿಯಿತು. 1990ರ ಡಿಸೆಂಬರಿನಲ್ಲಿ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳನ್ನು ಫಿನ್ಲೆಂಡಿನ ಲೌರಿ ಹೋಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ 1998ರಲ್ಲಿ ಪ್ರಕಟಿಸಿದರು.

ಹೆಂಗಸರ ನಡುವಿನ ಗುಟ್ಟಿನ ಈ ಎಳೆ ನನಗೆ ಮತ್ತೆ ಗಟ್ಟಿಯಾಗಿ ಸಿಕ್ಕಿದ್ದು ವೈದೇಹಿಯವರ ಕತೆಯಿಂದ ಹುಟ್ಟಿದ, ಗಿರೀಶ್ ಕಾಸರವಳ್ಳಿಯವರ 2008ರ 'ಗುಲಾಬಿ ಟಾಕೀಸ್' ಚಿತ್ರದಲ್ಲಿ. ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತದೆ, ಕೇರಿಯ ಹೆಂಗಸರು ಸೇರುತ್ತಾರೆ. ಒಂಟಿ ನೇತ್ರು ತನ್ನ ಒಳಗನ್ನು ತೋಡಿಕೊಳ್ಳುವುದು ಗುಲಾಬಿಯ ಬಳಿ. ನೇತ್ರು ಕಾಣೆಯಾದಾಗ ಊರು ಕೈತೋರಿಸುವುದೂ ಗುಲಾಬಿಯತ್ತಲೇ. ಗೆಳತಿಯ ಗುಟ್ಟು ಕೇಳಿಸಿಕೊಂಡವಳೇ ಅಪರಾಧಿಯಾಗುವ ಈ ನೋವನ್ನು ಗುಲಾಬಿಯಾಗಿ ಉಮಾಶ್ರೀ ಕಟ್ಟಿಕೊಟ್ಟರು. ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಇಂಥ ಗುಟ್ಟುಗಳು ದುಡಿಮೆಯ ಜಾಗದಲ್ಲೂ ಇದ್ದಿರಬೇಕು. ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಗೆ 1865ರಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಬಂತು. ಹಂಚಿನ ಉದ್ಯಮ ಬೆಳೆದಂತೆ ಮಣ್ಣು ಹೊರುವ, ಹಂಚು ಜೋಡಿಸುವ ಕೆಲಸಕ್ಕೆ ಹೆಂಗಸರು ಜೊತೆಜೊತೆಯಾಗಿ ಹೋದರು. ಒಟ್ಟಿಗೆ ಬುತ್ತಿ ಬಿಚ್ಚಿದವರ ನಡುವೆ ಕೂಲಿಯ ಲೆಕ್ಕ, ಮಗಳ ಮದುವೆ, ಗಂಡನ ಕುಡಿತ, ಯಾರಿಗೂ ಹೇಳದ ಬಸಿರು ಇವೆಲ್ಲ ಹರಿದಾಡದೆ ಇರಲಾರವು. ಅಂಥ ಇಬ್ಬರು ಗೆಳತಿಯರ ಐವತ್ತು ವರ್ಷಗಳನ್ನು, ಯಾರನ್ನೂ ಕೆಟ್ಟವಳಾಗಿಸದೆ ಹೇಳುವ ಒಂದು ಕನ್ನಡ ಕಾದಂಬರಿ ನನಗೆ ಬೇಕು.