ನಾಲಿಗೆ ಟೆಸ್ಟರ್ ಅಲ್ಲ

ಮದ್ರಸದ ಕಾರ್ಡ್‌ಲೆಸ್ ಮೈಕ್ ಮೊನ್ನೆ ಕೈಕೊಟ್ಟಿತು. ಒಳಗಿನ ಚೌಕ ಬ್ಯಾಟರಿ ತೆಗೆದು ಮೇಜಿನ ಮೇಲೆ ಇಟ್ಟದ್ದೇ ತಡ, ಐದನೇ ಕ್ಲಾಸಿನ ಹುಡುಗನೊಬ್ಬ ಎತ್ತಿ ನಾಲಿಗೆಗೆ ತಾಗಿಸಿದ. "ಚುರ್ ಅಂತದೆ ಉಸ್ತಾದ್, ಚಾರ್ಜ್ ಉಂಟು" ಅಂದ. ಯಾರು ಕಲಿಸಿದ್ದು ಎಂದು ಕೇಳಿದೆ. "ಗಲ್ಫಿನಿಂದ ಬಂದಾಗ ಉಪ್ಪ ಹೀಗೇ ನೋಡುವುದು." ನಾನು ಬೈಯಲಿಲ್ಲ. ಸಣ್ಣವನಿದ್ದಾಗ ನಾನೂ ಹಾಗೆಯೇ ಮಾಡಿದವನು.

ಆ 9 ವೋಲ್ಟ್ ಬ್ಯಾಟರಿ ನಾಲಿಗೆ ಚುರುಗುಟ್ಟಿಸಿ ಸುಮ್ಮನಾಗುತ್ತದೆ. ಆದರೆ ಅದೇ ಅಭ್ಯಾಸದಲ್ಲಿ ಮಗು ಬಟನ್ ಸೆಲ್ ಬಾಯಿಗಿಟ್ಟು ನುಂಗಿದರೆ? ಅನ್ನನಾಳದಲ್ಲಿ ಸಿಕ್ಕಿಕೊಂಡ ಸೆಲ್ 2 ಗಂಟೆಯೊಳಗೆ ಅಲ್ಲಿ ಸುಟ್ಟ ಗಾಯ ಮಾಡಬಲ್ಲದು. ವಾಂತಿ ಮಾಡಿಸಬೇಡಿ, ಕೂಡಲೇ ಆಸ್ಪತ್ರೆಗೆ ಕೊಂಡೊಯ್ಯಿರಿ.

ದೊಡ್ಡವರ ಪರೀಕ್ಷೆ ಇನ್ನೂ ಅಪಾಯ. ಬೋರ್ಡಿನಲ್ಲಿ ಕರೆಂಟ್ ಉಂಟಾ ಎಂದು ಬೆರಳು ತಾಗಿಸಿ ನೋಡುವವರಿದ್ದಾರೆ. ಮನೆಯ ಕರೆಂಟ್ 230 ವೋಲ್ಟ್. ಅದು ಹಿಡಿದರೆ ಕೈಯ ಸ್ನಾಯು ಬಿಗಿದು, ತಂತಿ ಬಿಡಬೇಕೆಂದರೂ ಬಿಡಲಾಗದು. ಮಳೆಗಾಲದ ಒದ್ದೆ ನೆಲ, ಬರಿಗಾಲು ಇದ್ದರೆ ಕೇಳುವುದೇ ಬೇಡ. "ಲೈನ್ ಹೋಗಿದೆ, ಏನೂ ಆಗುವುದಿಲ್ಲ" ಎಂಬ ಧೈರ್ಯವೂ ಬೇಡ. ಹೊರಗೆ ಕರೆಂಟ್ ಇಲ್ಲದಾಗಲೂ ಇನ್ವರ್ಟರ್ ಅಷ್ಟೇ ವೋಲ್ಟನ್ನು ವಯರಿಗೆ ಕೊಡುತ್ತಿರುತ್ತದೆ.

ಇನ್ವರ್ಟರ್ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ನೋಡುವುದು, ನೀರು ಎಷ್ಟುಂಟೆಂದು ಬೆಂಕಿಕಡ್ಡಿ ಗೀರಿ ಇಣುಕುವುದು ಇನ್ನೊಂದು ಅಭ್ಯಾಸ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಒಂದು ಕಿಡಿಗೆ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಹಾರಬಹುದು. ಹಾರಿದರೆ 20 ನಿಮಿಷವಾದರೂ ನೀರು ಹೊಯ್ದು ತೊಳೆದು ವೈದ್ಯರಲ್ಲಿಗೆ ಹೋಗಿ. ನೀರಿನ ಮಟ್ಟ ನೋಡಲು ಬ್ಯಾಟರಿಯ ಮೇಲಿನ ಸೂಚಕ ಇದೆ, ಟಾರ್ಚ್ ಇದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಸಣ್ಣ ಬ್ಯಾಟರಿಗೆ ಮಲ್ಟಿಮೀಟರ್ ಸಾಕು. ಬೋರ್ಡಿಗೆ ಟೆಸ್ಟರ್ ಉಂಟು. ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಅದರ ದೀಪ ಉರಿಯುತ್ತದಾ ನೋಡಿಕೊಳ್ಳಿ, ಒದ್ದೆ ಕೈಯಲ್ಲಿ ಹಿಡಿಯಬೇಡಿ. ದೀಪ ಉರಿಯದಿದ್ದರೂ ಕರೆಂಟ್ ಇಲ್ಲವೆಂದು ನಂಬಿ ವಯರಿಗೆ ಕೈ ಹಾಕಬಾರದು. ರಿಪೇರಿಗೆ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ. ಯಾರಿಗಾದರೂ ಕರೆಂಟ್ ಹಿಡಿದರೆ ಅವರನ್ನು ಮುಟ್ಟದೆ ಮೈನ್ ಸ್ವಿಚ್ಚು, ಇನ್ವರ್ಟರ್ ಎರಡನ್ನೂ ಆಫ್ ಮಾಡಿ.

ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ದೂರದ ಊರಲ್ಲಿ. ಫ್ಯೂಸ್ ಹೋದರೆ ಬೋರ್ಡಿನ ಮುಂದೆ ನಿಲ್ಲುವುದು ಉಮ್ಮ, ಇಲ್ಲವೇ ಹತ್ತು ವರ್ಷದ ಮಗ. ಈ ಎರಡು ಸ್ವಿಚ್ಚು ಎಲ್ಲಿವೆ ಎಂದು ಇವತ್ತೇ ಅವರಿಗೆ ತೋರಿಸಿಕೊಡಿ. ಆ ಹುಡುಗ ಮರುದಿನ ಬಂದು ಹೇಳಿದ: "ಉಸ್ತಾದ್, ಉಪ್ಪನಿಗೆ ಫೋನಲ್ಲಿ ಹೇಳಿದೆ. ಇನ್ನು ನಾಲಿಗೆ ಇಡುವುದಿಲ್ಲವಂತೆ."