ಜಟೆಯೊಳಗಿನ ಹೇನು: ಭಯ ಬೇಡ, ಶುಚಿ ಬೇಕು

ಬಸವಾದಿ ಶರಣರು ಮನುಷ್ಯನ ದೇಹವನ್ನೇ ಪೂಜಾಸ್ಥಾನವಾಗಿ ಕಂಡವರು. ಆ ದೇಹದ ಶುಚಿಯನ್ನು ಕಾಯ್ದುಕೊಳ್ಳುವುದು ಲಿಂಗವಂತರಾದ ನಮಗೆಲ್ಲ ಪೂಜೆಯಷ್ಟೇ ಮುಖ್ಯವಾದ ಕರ್ತವ್ಯ. ಹೀಗಿದ್ದರೂ ಬಾಯಿಬಿಟ್ಟು ಆಡಲು ಮನೆಯವರು ಸಂಕೋಚಪಡುವ ತೊಂದರೆಯೊಂದಿದೆ. ಅದು ಗಂಟುಕಟ್ಟಿ ಜಟೆಯಾದ ಕೂದಲಿನಲ್ಲಿ ಸೇರಿಕೊಳ್ಳುವ ಹೇನಿನ ಕಾಟ. ಇಷ್ಟಲಿಂಗವನ್ನು ಹಿಡಿದು ಕುಳಿತಾಗಲೂ ಕೈ ತಲೆಯತ್ತಲೇ ಹೋಗುವಂತಾದರೆ ಮನಸ್ಸು ನಿಲ್ಲುವುದಾದರೂ ಹೇಗೆ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳುಂಟು. ಆ ಸೀಮೆಯಲ್ಲಿ ಹೆಣ್ಣುಮಕ್ಕಳ ಕೂದಲು ಹಗ್ಗದಂತೆ ಹೆಣೆದುಕೊಂಡರೆ ‘ಜಡೆ ಬಂದಿದೆ’ ಎನ್ನುವ ವಾಡಿಕೆಯಿದೆ. ಅದು ಸವದತ್ತಿ ಎಲ್ಲಮ್ಮನ ಕರೆಯೆಂದು ನಂಬಿ ಭಂಡಾರ ಹಚ್ಚುತ್ತಾರೆ. ಬಾಚಬಾರದು, ಕತ್ತರಿ ತಾಗಿಸಬಾರದು, ತಾಗಿಸಿದರೆ ಮನೆಗೆ ಕೇಡು ಎಂಬ ಭಯ ಬೆನ್ನುಹತ್ತುತ್ತದೆ. ಹಿಂದೆ ಇದೇ ಗುರುತನ್ನು ಮುಂದುಮಾಡಿ ಬಾಲಕಿಯರನ್ನು ದೇವದಾಸಿಯರಾಗಿ ಬಿಟ್ಟದ್ದೂ ಉಂಟು. 1982ರ ಕಾನೂನಿನಿಂದ ರಾಜ್ಯವು ಆ ಸಮರ್ಪಣೆಯನ್ನು ನಿಷೇಧಿಸಿತು. ಬೆಳಗಾವಿ ಜಿಲ್ಲೆಯಲ್ಲಿ ಮಾಜಿ ದೇವದಾಸಿಯರೇ ಸಂಘಟಿತರಾಗಿ ಅದರ ವಿರುದ್ಧ ದುಡಿದರು; ಅವರಲ್ಲೊಬ್ಬರಾದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಆದರೆ ಜಡೆಯ ಭಯವನ್ನು ಕಾನೂನೊಂದೇ ಕಳೆಯಲಾರದು.

ಜಟೆ ಹೇಗಾಗುತ್ತದೆ?

ನಮ್ಮ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಾಚಿದಾಗ ಅವು ಹಣಿಗೆಯಲ್ಲಿ ಬರುತ್ತವೆ. ದೀರ್ಘ ಕಾಯಿಲೆಯಿಂದಲೋ ಮನಸ್ಸಿನ ಕ್ಲೇಶದಿಂದಲೋ ತಿಂಗಳುಗಟ್ಟಲೆ ಬಾಚದೆ ಬಿಟ್ಟರೆ, ಉದುರಿದ ಕೂದಲು ಇರುವ ಕೂದಲಿಗೇ ಸುತ್ತಿಕೊಂಡು, ಎಣ್ಣೆ, ಬೆವರು, ಧೂಳು ಸೇರಿ ಬಿಡಿಸಲಾರದ ಗಂಟಾಗುತ್ತದೆ. ಹೇನೂ ಇದಕ್ಕೆ ಕಾರಣವಾಗಬಲ್ಲದು. ಹೇನು ಕಚ್ಚಿ, ತುರಿಸಿ, ತಲೆ ಹುಣ್ಣಾದಾಗ ನೋವಿಗೆ ಅಂಜಿ ಬಾಚುವುದನ್ನೇ ಬಿಡುತ್ತಾರೆ. ಬಾಚದಿದ್ದರೆ ಗಂಟು, ಗಂಟಿನೊಳಗೆ ಮತ್ತೆ ಹೇನು.

ಇದು ನಮ್ಮ ನಾಡಿಗಷ್ಟೇ ಸೇರಿದ ಕಥೆಯಲ್ಲ. ಯುರೋಪಿನ ಪೋಲೆಂಡಿನಲ್ಲಿಯೂ ಇಂತಹ ಜಟೆಯನ್ನು ಕತ್ತರಿಸಿದರೆ ರೋಗ ಬರುವುದೆಂದು ಜನ ನಂಬಿದ್ದರು. 19ನೆಯ ಶತಮಾನದ ಮಧ್ಯದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್ ಅವರು ಅದು ರೋಗವೂ ಅಲ್ಲ, ದೈವವೂ ಅಲ್ಲ, ಅಶುಚಿಯ ಫಲವೆಂದು ಸಾರಿ, ಕತ್ತರಿಸಿಕೊಳ್ಳುವಂತೆ ಜನರ ಮನವೊಲಿಸಿದರು.

ಹೇನಿನ ಸ್ವಭಾವ

ಬೆಳೆದ ಹೇನು ಎಳ್ಳಿನಷ್ಟು, ಅಂದರೆ 2ರಿಂದ 3 ಮಿಲಿಮೀಟರ್ ಉದ್ದವಿರುತ್ತದೆ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ. ಬುಡದ ಸಮೀಪ ಕೂದಲಿಗೆ ಅಂಟಿಸಿದ ಸೀರು ಏಳರಿಂದ ಹತ್ತು ದಿನದೊಳಗೆ ಒಡೆದು ಮರಿಯಾಗುತ್ತದೆ. ತಲೆಯಿಂದ ಬಿದ್ದ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕದು. ಹೀಗಾಗಿ ಹೇನಿನ ಬೀಡು ಜಟೆಯ ತುದಿಯಲ್ಲಿಲ್ಲ, ನೆತ್ತಿಯ ಚರ್ಮದಲ್ಲಿದೆ. ಸಾಮಾನ್ಯ ಕೂದಲಿಗೆ ಸಣ್ಣ ಹಲ್ಲಿನ ಹಣಿಗೆ ಸಾಕು. ಜಟೆಯಲ್ಲಿ ಅದು ತೂರುವುದೇ ಇಲ್ಲ. ಮೇಲೆ ಹಚ್ಚಿದ ಔಷಧವೂ ಗಂಟಿನಲ್ಲೇ ಇಂಗಿಹೋಗುತ್ತದೆ.

ಮಾಡಬೇಕಾದುದು

ವ್ರತವೆಂದು ತಾವಾಗಿಯೇ ಜಟೆ ಬಿಟ್ಟ ಸಾಧಕರು ಮೊದಲು ತಲೆ ತೊಳೆದು ನೀರು ಒರೆಸಿಕೊಳ್ಳಬೇಕು. ಶೇಕಡ 1ರ ಪರ್ಮೆಥ್ರಿನ್ ಲೋಶನ್ ಅನ್ನು ಜಟೆಯ ಎಳೆಗಳನ್ನು ಸರಿಸುತ್ತ ನೆತ್ತಿಯ ಚರ್ಮಕ್ಕೆ ಎಲ್ಲ ಕಡೆಯೂ ತಲುಪುವಂತೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಸೀರೆಲ್ಲ ಒಮ್ಮೆಗೇ ಸಾಯದಾದ್ದರಿಂದ ಏಳರಿಂದ ಹತ್ತು ದಿನದೊಳಗೆ ಮತ್ತೊಮ್ಮೆ ಹಚ್ಚುವುದು ಅವಶ್ಯ. ಬಳಿಕ ಜಟೆಯನ್ನು ಒಳಗಿನವರೆಗೂ ಒಣಗಿಸಬೇಕು. ಮನೆಯವರೆಲ್ಲರ ತಲೆಯನ್ನು ಅದೇ ದಿನ ನೋಡಿ, ಹೇನಿದ್ದವರಿಗೆಲ್ಲ ಒಟ್ಟಿಗೆ ಔಷಧ ಹಚ್ಚತಕ್ಕದ್ದು. ದಿಂಬಿನ ಚೀಲ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಗರ್ಭಿಣಿಯರು, ಹಸುಗೂಸುಗಳು, ತಲೆಯಲ್ಲಿ ಕೀವು ಅಥವಾ ಕತ್ತಿನಲ್ಲಿ ಗಂಟು ಇರುವವರು ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬಾರದು.

ಸೀಮೆಎಣ್ಣೆಯನ್ನಂತೂ ಮುಟ್ಟಲೇಬಾರದು, ಒಂದು ಕಿಡಿ ಸಾಕು. ಬೆಳೆಗೆ ಸಿಂಪಡಿಸುವ ಕೀಟನಾಶಕ ಪ್ರಾಣಕ್ಕೇ ಸಂಚಕಾರ. ಸೀತಾಫಲದ ಬೀಜವನ್ನು ಅರೆದು ಹಚ್ಚುವುದು ಹಳ್ಳಿಯ ಹಳೆಯ ಮದ್ದು. ಅದು ಕಣ್ಣಿಗಿಳಿದರೆ ಕಾರ್ನಿಯಾ ಪದರಕ್ಕೇ ಪೆಟ್ಟು.

ಬೇಡದೆ ಬಂದ ಜಟೆಗೆ ಶಾಶ್ವತ ಪರಿಹಾರವೆಂದರೆ ಕತ್ತರಿಸುವುದೇ. ಹೇನಿಗೆ ಮೊದಲು ಔಷಧ ಮಾಡಿ, ಬಳಿಕ ಗಂಟಿನ ಬುಡದಲ್ಲಿ ಚರ್ಮಕ್ಕೆ ತಾಗದಂತೆ ಕತ್ತರಿಯಾಡಿಸಬೇಕು. ಹುಣ್ಣಿರುವ ತಲೆಯ ಮೇಲೆ ಕ್ಷೌರದ ಕತ್ತಿ ಬೇಡ. ಕತ್ತರಿಸಿದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್‌ನಂತೆ ಮತ್ತೆ ಬೆಳೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಆ ತಾಯಿಯ ಒಪ್ಪಿಗೆ. ಮಲಗಿದಾಗ ಕದ್ದು ಕತ್ತರಿಸುವುದು, ಹೀಗಳೆದು ಒತ್ತಾಯಿಸುವುದು ಭಯವನ್ನು ಹೆಚ್ಚಿಸುತ್ತದೆಯೇ ಹೊರತು ಕಳೆಯದು. ಒಪ್ಪಿ ತೆಗೆಸಿಕೊಂಡ ಮೇಲೆ ಮನೆಯಲ್ಲಿ ಮಗುವಿಗೆ ಜ್ವರ ಬಂದೀತು, ವ್ಯಾಪಾರದಲ್ಲಿ ನಷ್ಟವಾದೀತು. ಇವು ಜಡೆ ಇದ್ದಾಗಲೂ ಬರುತ್ತಿದ್ದ ಕಷ್ಟಗಳೇ. ‘ಜಡೆ ತೆಗೆಸಿದ್ದರಿಂದಲೇ ಹೀಗಾಯಿತು’ ಎಂಬ ಒಂದು ಮಾತು ಅತ್ತೆಯ ಬಾಯಿಂದಾಗಲಿ ಗಂಡನ ಬಾಯಿಂದಾಗಲಿ ಬೀಳದಂತೆ ಮನೆಯವರೆಲ್ಲ ನೋಡಿಕೊಳ್ಳಬೇಕು. ಆ ಮಾತಿನ ಭಾರ ಜಟೆಯ ಭಾರಕ್ಕಿಂತ ಹೆಚ್ಚು. ಭಕ್ತಿಯಿರುವುದು ಕೂದಲಿನ ಗಂಟಿನಲ್ಲಲ್ಲ, ನಡೆಯಲ್ಲಿ ಎಂಬ ಶರಣರ ತಿಳಿವು ನಮ್ಮ ಮನೆಮನೆಯ ಬಾಳುವೆಯಾಗಲಿ.